ತೊಂಬತ್ತೆರಡು ಎಂದು ನಾನು ಹೇಳಿದ ಹಡಗು

ಮೊದಲೇ ಹೇಳಿಬಿಡುತ್ತೇನೆ. ಸಬ್‌ಮರೀನಿಗೆ ಕಿಟಕಿ ಇರುವುದಿಲ್ಲ, ಮೀನು ಕಾಣಿಸುವುದಿಲ್ಲ. ನಾರಾಯಣಪೇಟೆಗೆ ವಾಪಸು ಬಂದ ಮೇಲೆ ಈ ಎರಡು ಮಾತನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಹೋಟೆಲಿನಲ್ಲಿ ಚಹಾ ಆರಿಸಿಕೊಂಡು ಹೇಳಿದ್ದೇನೆ, ಮದುವೆಯ ಪಂಕ್ತಿಯಲ್ಲಿ ಕೈಗೆ ಅನ್ನ ಮೆತ್ತಿಕೊಂಡು ಹೇಳಿದ್ದೇನೆ, ರಾಯಚೂರು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೇಳಿದ್ದೇನೆ. ಕೇಳಿಸಿಕೊಂಡವರೇ ಮುಂದಿನ ವಾರ ಮತ್ತೆ ಬಂದು, ಮೀನು ಕಾಣುತ್ತಿದ್ದವೇ ಕಾಕಾ ಎನ್ನುತ್ತಾರೆ.

ಈಚೆಗೆ ಎಲ್ಲೋ ದೂರದ ಯುದ್ಧದಲ್ಲಿ ಒಂದು ಸಬ್‌ಮರೀನು ಶತ್ರುವಿನ ಯುದ್ಧನೌಕೆಯನ್ನು ಮುಳುಗಿಸಿದ ಮೇಲಂತೂ ನನ್ನ ಪಾಡು ಕೇಳಬೇಡಿ. ಟಿವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ನೀಲಿ ಚಿತ್ರ, ಅದೇ ಕೆಂಪು ಬಾಣ, ಹಡಗು ಎರಡು ತುಂಡು. ಕೋಟು ಹಾಕಿದ ತಜ್ಞರೊಬ್ಬರು ಗುಂಡಿ ಒತ್ತಿದರೆ ಮುಗಿಯಿತು ಎಂಬಂತೆ ವಿವರಿಸುತ್ತಿದ್ದರು. ಅದನ್ನು ನೋಡಿದವರೆಲ್ಲ ನನ್ನ ಕಟ್ಟೆಗೆ ಬಂದು ಕೂತು, ನೀವೆಷ್ಟು ಮುಳುಗಿಸಿದಿರಿ ಎಂದರು. ಒಂದೂ ಇಲ್ಲ ಎಂದೆ. ಊಟಕ್ಕೆ ಕರೆದು ಬಾಗಿಲು ಹಾಕಿಕೊಂಡವರ ಮುಖ ನೋಡಿದ ಹಾಗೆ ನೋಡಿದರು. ನನ್ನ ಬಾಲ್ಯದ ಗೆಳೆಯ, ಕುರಿ ಸಾಕುವ ಮಾಳಪ್ಪ, ಬೀರಪ್ಪನ ಭಂಡಾರ ಹಚ್ಚಿದ ಹಣೆಯನ್ನು ತುರಿಸಿಕೊಂಡು, "ಅಂದ್ರ ಇಪ್ಪತ್ತು ವರ್ಷ ನೀರಾಗ ಸುಮ್ಮನ ಕುಂತು ಬಂದೀ ಅಂದಂಗಾತು" ಎಂದ.

ಒಂದನ್ನು ಮುಳುಗಿಸಬೇಕಾಗಿತ್ತು. ಅದು ನಮ್ಮ ಬಾಯಿಯ ಮುಂದೆಯೇ ಹಾದುಹೋಯಿತು. ಬಿಟ್ಟದ್ದು ನನ್ನ ತಪ್ಪಿನಿಂದ, ಆದರೆ ಅದರ ಹೊರೆ ಹೊತ್ತವನು ಇನ್ನೊಬ್ಬ. ಅವನ ಹೆಸರು ಗಣಪತಿ ತಾಂಡೇಲ. ಐವತ್ತು ವರ್ಷಕ್ಕೂ ಮೇಲೆ ಆ ಹೊರೆಯನ್ನು ಅವನ ತಲೆಯ ಮೇಲೆಯೇ ಇರಲು ಬಿಟ್ಟೆ. ಹೋದ ತಿಂಗಳು ಮಕ್ತಲ್‌ನಲ್ಲಿ, ನೌಕಾಪಡೆಯ ಈ ಕೆಲಸಕ್ಕೆ ಸೇರಬೇಕೆಂದು ತಯಾರಿ ಮಾಡುತ್ತಿರುವ ಹುಡುಗ ಹುಡುಗಿಯರ ಮುಂದೆ, ಮೈಕು ಹಿಡಿದು ಮತ್ತೊಮ್ಮೆ ಅದೇ ಸುಳ್ಳು ಹೇಳಿ ಬಂದೆ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಅದರ ಜೊತೆಗೆ ಕೆಲಸ ಎಂಥದ್ದು ಎನ್ನುವುದೂ ಅವರಿಗೆ ತಿಳಿಯಲಿ. ಆ ಟಿವಿಯ ತಜ್ಞರಿಂದ ಅದು ತಿಳಿಯುವಂಥದ್ದಲ್ಲ.

ಕೆಲಸ ಇದು. ಡೀಸೆಲ್ ವಾಸನೆ ಹೊಡೆಯುವ ಒಂದು ಉದ್ದನೆಯ ಕೊಳವೆಯೊಳಗೆ ಎಪ್ಪತ್ತು ಜನ ಇರುತ್ತೀರಿ. ಮಲಗುವ ಹಲಗೆ ಇಬ್ಬರಿಗೆ ಒಂದು. ನೀವು ಎದ್ದರೆ ನಿಮ್ಮ ಬೆವರಿನ ಮೇಲೆ ಇನ್ನೊಬ್ಬ ಬಂದು ಮಲಗುತ್ತಾನೆ. ಸ್ನಾನ ಮರೆತುಬಿಡಿ. ಸಮುದ್ರದ ಹೊಟ್ಟೆಯಲ್ಲಿದ್ದೂ ಸಮುದ್ರವನ್ನು ನೋಡದವರು ನಾವು. ನೋಡುವ ಭಾಗ್ಯ ಪೆರಿಸ್ಕೋಪಿಗೆ ಕಣ್ಣಿಟ್ಟ ಕಪ್ತಾನರೊಬ್ಬರಿಗೆ. ಉಳಿದದ್ದೆಲ್ಲ ಕಿವಿ. ಆ ಕಿವಿಯ ಕೆಲಸ ನನ್ನದು.

ಕಿವಿಗೆ ಹೆಡ್‌ಫೋನು, ಕೈಯಲ್ಲಿ ದಿಕ್ಕು ತಿರುಗಿಸುವ ಚಕ್ರ, ಮುಂದೆ ಒಂದು ಗಡಿಯಾರ, ಪೆನ್ಸಿಲ್ಲು. ಹಡಗಿನ ಪಂಖೆ ನೀರನ್ನು ಬಡಿಯುವ ಸದ್ದು ಮೈಲುಗಟ್ಟಲೆ ದೂರದಿಂದ ಬರುತ್ತದೆ. ನಿಮಿಷಕ್ಕೆ ಎಷ್ಟು ಬಡಿತ ಎಂದು ಎಣಿಸಬೇಕು. ಸಾಮಾನು ಹೊರುವ ಹಡಗಿನ ಬಡಿತ ನಿಧಾನ, ಎಮ್ಮೆ ನಡೆದ ಹಾಗೆ. ಯುದ್ಧನೌಕೆಯದು ಚುರುಕು. ಬಡಿತ ಸಿಕ್ಕರೆ ಹಡಗಿನ ಜಾತಿ ಸಿಕ್ಕಿತು, ವೇಗ ಸಿಕ್ಕಿತು. ಅದರ ಮೇಲೆಯೇ ಟಾರ್ಪಿಡೋ ಬಿಡಬೇಕೋ ಬೇಡವೋ ಎಂಬ ತೀರ್ಮಾನ. ಈಗ ಸದ್ದನ್ನು ಪರದೆಯ ಮೇಲೆ ಗೆರೆಗೆರೆಯಾಗಿ ಬರೆದು ತೋರಿಸುವ ಯಂತ್ರಗಳು ಬಂದಿವೆ. ಒಳ್ಳೆಯದೇ ಆಯಿತು. ನಮ್ಮ ಕಾಲದಲ್ಲಿ ಎಣಿಸಬೇಕಿತ್ತು, ಅಷ್ಟೇ. ಆ ಅಷ್ಟೇ ಎನ್ನುವುದರಲ್ಲಿಯೇ ನಾನು ಎಡವಿದೆ.

ನನ್ನ ಕಿವಿ ಮಗ್ಗದಲ್ಲಿ ತಯಾರಾದದ್ದು. ನಮ್ಮ ಓಣಿಯಲ್ಲಿ ಹದಿನಾಲ್ಕು ಕುಣಿಮಗ್ಗ ಇದ್ದವು. ಶಾಲೆಯಿಂದ ಬರುವಾಗ ಓಣಿಯ ತುದಿಯಲ್ಲಿ ನಿಂತೇ ಯಾರ ಮನೆಯಲ್ಲಿ ನೂಲು ಕಡಿಯಿತು, ಯಾರು ಊಟಕ್ಕೆ ಎದ್ದರು ಎಂದು ಹೇಳುತ್ತಿದ್ದೆ. ಸೀರೆಯ ಚೌಕಳಿ ತಪ್ಪಬಾರದೆಂದು ಅಪ್ಪ ಮಗ್ಗದಲ್ಲಿ ಕೂತು ಎಣಿಸುತ್ತಿದ್ದ, ಪಕ್ಕದಲ್ಲಿ ಕೂತು ನಾನು ಎಣಿಸುತ್ತಿದ್ದೆ. ಲಾಳಿ ಬಲಕ್ಕೆ ಹೋದರೆ ಏನೂ ಇಲ್ಲ, ತಿರುಗಿ ಎಡಕ್ಕೆ ಬಂದರೆ ಒಂದು. ನಮ್ಮ ಓಣಿಯವರೆಲ್ಲ ಜೋಡಿಯಾಗಿಯೇ ಎಣಿಸುವುದು. "ಹೋಗಿ ಬಂದ್ರ ಒಂದು" ಎಂದು ಅಪ್ಪ ನನ್ನ ತಲೆಗೆ ಮೊಟಕಿ ಕಲಿಸಿದ್ದ. ಅಆಇಈ ಕಲಿಯುವ ಮೊದಲು ಕಲಿತದ್ದು ಅದು.

ಭರ್ತಿಗೆ ಹೋದಾಗ ಗುಮಾಸ್ತರು ಊರಿನ ಹೆಸರಿನ ಕೊನೆಯ ತುಂಡನ್ನು ನನ್ನ ಮನೆತನದ ಹೆಸರೆಂದು ಬರೆದುಕೊಂಡರು. ಹೀಗಾಗಿ ಬಸಪ್ಪನಾದ ನಾನು ಇಪ್ಪತ್ತು ವರ್ಷ ಪೇಟ್ ಆಗಿ ಬದುಕಿದೆ. ತಿದ್ದಿಸಲು ಮೂರು ಅರ್ಜಿ ಕೊಟ್ಟೆ. ಮೂರನೆಯ ಅರ್ಜಿಗೆ ಬಂದ ಉತ್ತರ ಶ್ರೀ ಪೇಟ್ ಅವರಿಗೆ ಎಂದೇ ಶುರುವಾಗಿತ್ತು. ಅಲ್ಲಿಗೆ ಕೈಬಿಟ್ಟೆ.

ತರಬೇತಿ ಶಾಲೆಯಲ್ಲಿ ಟೇಪಿನ ಮೇಲೆ ಹಡಗುಗಳ ಸದ್ದು ಹಾಕಿ ಎಣಿಸಲು ಹೇಳುತ್ತಿದ್ದರು. ಎಲ್ಲರೂ ನೂರಿಪ್ಪತ್ತು ಎಂದರೆ ನನ್ನದು ಅರವತ್ತು. ಎಲ್ಲರದೂ ತೊಂಬತ್ತಾದರೆ ನನ್ನದು ನಲವತ್ತೈದು. ನಾನು ಬೇಕಂತಲೇ ಮಾಡುತ್ತಿದ್ದೇನೆ ಎಂದು ಉಸ್ತಾದರು ಬಂದೂಕು ತಲೆಯ ಮೇಲೆ ಎತ್ತಿಸಿ ಬಿಸಿಲಲ್ಲಿ ಮೈದಾನ ಸುತ್ತಿಸಿದರು. ಮೂರನೆಯ ದಿನ, ಎಣಿಸುವುದು ಹೇಗೆ ಮಾಡಿ ತೋರಿಸು ಎಂದರು. ಕೈಯನ್ನು ಲಾಳಿಯ ಹಾಗೆ ಆಡಿಸಿ ತೋರಿಸಿದೆ. ಆ ಮನುಷ್ಯ ತಲೆ ಮೇಲೆ ಕೈಹೊತ್ತು ಕೂತರು. ಆಮೇಲೆ ಎರಡು ವಾರ ಪ್ರತಿ ಬಡಿತಕ್ಕೂ ಮೇಜು ಕುಟ್ಟಿಸಿ ಕುಟ್ಟಿಸಿ ನನ್ನ ಮಗ್ಗದ ರೋಗ ಬಿಡಿಸಿದರು. ಬಿಟ್ಟಿತು ಎಂದು ಅವರೂ ನಂಬಿದರು, ನಾನೂ ನಂಬಿದೆ. ಸಬ್‌ಮರೀನಿಗೆ ಬಂದ ಮೇಲೆ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ನಗುತ್ತಾರೆ ಎಂದು.

ತಾಂಡೇಲ ಅಲ್ಲಿ ನನ್ನ ಹಿರಿಯ. ನಮ್ಮ ಪಾಳಿಯ ಕಿವಿಯವರಿಗೆಲ್ಲ ಅವನೇ ಮುಖ್ಯಸ್ಥ. ಕಾರವಾರದ ಮೀನುಗಾರರ ಮನೆಯವನು. ಅವನಪ್ಪ ದೋಣಿಯಿಂದ ಹುಟ್ಟನ್ನು ನೀರಿಗಿಳಿಸಿ ಅದರ ಹಿಡಿಕೆಗೆ ಕಿವಿ ಹಚ್ಚಿ, ಕೆಳಗೆ ಯಾವ ಮೀನಿನ ಗುಂಪು ಹೋಗುತ್ತಿದೆ ಎಂದು ಹೇಳುತ್ತಿದ್ದನಂತೆ. ಇವನಿಗೆ ಆ ವಿದ್ಯೆ ಎಂಟನೆಯ ವಯಸ್ಸಿಗೇ ಕೈವಶ. ಓದು ಹೆಚ್ಚಿಲ್ಲ, ಬರಹ ಕಾಗೆ ಕಾಲು. ಆದರೆ ಕಿವಿಯ ವಿಷಯ ಬಂದರೆ ಅವನ ಜಂಬ ಹೇಳತೀರದು. ಆಫೀಸರುಗಳ ಮುಂದೆಯೂ, ಯಂತ್ರ ಸುಳ್ಳು ಹೇಳಬಹುದು ಸಾಹೇಬರೇ, ಇದು ಹೇಳುವುದಿಲ್ಲ ಎಂದು ಕಿವಿ ಜಗ್ಗಿ ತೋರಿಸುತ್ತಿದ್ದ. ಆ ಜಂಬ ನನಗೆ ಎಷ್ಟು ಇಷ್ಟವಾಗಿತ್ತು ಎಂದು ಈಗ ಹೇಳಿಕೊಂಡರೆ ಏನು ಬಂತು.

ಒಮ್ಮೆ ಅಭ್ಯಾಸದಲ್ಲಿ ನಾವು ಸದ್ದಡಗಿಸಿ ಕೂತಿದ್ದೆವು. ಹಾಗೆ ಕೂತಾಗ ಚಮಚ ಬೀಳುವಂತಿಲ್ಲ, ಕೆಮ್ಮುವಂತಿಲ್ಲ. ತಾಂಡೇಲ ಇದ್ದಕ್ಕಿದ್ದ ಹಾಗೆ ಹೆಡ್‌ಫೋನು ಒತ್ತಿ ಹಿಡಿದು, ಎಲ್ಲಿಂದಲೋ ಕಟಕಟ ಬರುತ್ತಿದೆ, ದಿಕ್ಕು ಸಿಗುತ್ತಿಲ್ಲ ಎಂದ. ಕಪ್ತಾನರು ಎದ್ದು ಬಂದರು. ಎಲ್ಲರ ಮುಖ ಬಿಳಿಚಿತು. ನೋಡಿದರೆ ಮೂಲೆಯಲ್ಲಿ ಕೂತು ನಾನು, ಅವ್ವ ಕಟ್ಟಿಕೊಟ್ಟಿದ್ದ ಕಟಕ್ ರೊಟ್ಟಿ ಕಡಿಯುತ್ತಿದ್ದೆ. ಕಪ್ತಾನರ ಆಜ್ಞೆ ಲಿಖಿತವಾಗಿಯೇ ಬಂತು: ಪೇಟ್ ತನ್ನ ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿಯೇ ತಿನ್ನತಕ್ಕದ್ದು. ನೆನೆದ ಜೋಳದ ರೊಟ್ಟಿ ಎಂಥ ದರಿದ್ರ ಪದಾರ್ಥ ಎಂದು ತಿಂದವರಿಗೇ ಗೊತ್ತು.

ಈ ಕಪ್ತಾನರಿಗೆ ಒಂದು ಚಾಳಿ. ಏನು ವರದಿ ಕೊಟ್ಟರೂ ಇನ್ನೊಮ್ಮೆ ಎನ್ನುವರು. ದಿಕ್ಕು ಹೇಳಿದರೆ ಇನ್ನೊಮ್ಮೆ, ಚಹಾ ತಯಾರಿದೆ ಎಂದರೂ ಇನ್ನೊಮ್ಮೆ. ಬೇಸರ ಬರುತ್ತಿತ್ತು. ಆದರೆ ಮನುಷ್ಯ ಎಚ್ಚರಿಕೆಯವರು.

ಯುದ್ಧ ಬಂತು. ನಮ್ಮನ್ನು ಶತ್ರುವಿನ ಬಂದರಿನ ಹೊರಗೆ ಕಾಯಲು ಕಳಿಸಿದರು. ಹುಕುಂ ಸ್ಪಷ್ಟವಾಗಿತ್ತು: ಯುದ್ಧನೌಕೆ ಎಂದು ಖಾತ್ರಿಯಾದರೆ ಮಾತ್ರ ಹೊಡೆಯಬೇಕು, ವ್ಯಾಪಾರದ ಹಡಗನ್ನು ಮುಟ್ಟುವಂತಿಲ್ಲ. ಹತ್ತೊಂಬತ್ತು ದಿನ ಕಾದೆವು. ಯುದ್ಧ ಎಂದರೆ ಗುಂಡು, ಹೊಗೆ ಎಂದುಕೊಂಡಿರುತ್ತೀರಿ. ನಮಗೆ ಯುದ್ಧ ಎಂದರೆ ಮೈ ತುರಿಕೆ, ತಲೆನೋವು, ಮತ್ತು ಸೀಗಡಿಗಳು ನೀರಿನಲ್ಲಿ ಚಟಪಟ ಎನ್ನುವ ಸದ್ದು.

ಇಪ್ಪತ್ತನೆಯ ದಿನ ಮಧ್ಯಾಹ್ನ ಊಟದ ಹೊತ್ತು. ಹೆಡ್‌ಫೋನು ನನ್ನ ಕಿವಿಯಲ್ಲಿತ್ತು. ಎರಡು ದಿನದಿಂದ ಸರಿಯಾಗಿ ನಿದ್ದೆಯಿಲ್ಲ. ಮೇಲೆ ಮಬ್ಬು ಕವಿದಿದೆ, ಪೆರಿಸ್ಕೋಪಿನಲ್ಲಿ ಏನೂ ಕಾಣದು ಎಂದು ಕಪ್ತಾನರು ಗೊಣಗುತ್ತಿದ್ದರು. ಆಗ ಒಂದು ಪಂಖೆಯ ಸದ್ದು ಎದ್ದಿತು. ಟಕ್ ಟಕ್, ಟಕ್ ಟಕ್. ಅದು ನಮ್ಮ ಮನೆಯ ಮಗ್ಗದ ಸದ್ದೇ. ಆ ಕ್ಷಣ ಅಪ್ಪನ ಪಕ್ಕದಲ್ಲಿ ಕೂತ ಹಾಗಾಯಿತು ನನಗೆ, ಎದೆ ಹಗುರವಾಯಿತು ಕೂಡ. ಆ ಹಗುರಿನಲ್ಲಿಯೇ ಎಣಿಸಿದೆ. ತೊಂಬತ್ತೆರಡು ಎಂದು ಕೂಗಿದೆ. ತೊಂಬತ್ತೆರಡು ಎಂದರೆ ಸಾಮಾನಿನ ಹಡಗು.

ಕಪ್ತಾನರು ಇನ್ನೊಮ್ಮೆ ಎಂದರು. ಮತ್ತೆ ಪೂರ್ತಿ ಒಂದು ನಿಮಿಷ ಎಣಿಸಿದೆ. ತೊಂಬತ್ತೆರಡೇ. ತಪ್ಪು ರೀತಿಯಲ್ಲಿ ಎಣಿಸುವವನಿಗೆ ಹತ್ತು ಸಲ ಎಣಿಸಲು ಹೇಳಿದರೂ ಹತ್ತು ಸಲ ಅದೇ ತಪ್ಪು ಬರುತ್ತದೆ. ಈ ಒಂದು ಮಾತು ನಿಮ್ಮ ತರಬೇತಿ ಪುಸ್ತಕದಲ್ಲಿ ಇಲ್ಲದಿದ್ದರೆ ಬರೆದುಕೊಳ್ಳಿ.

ತಾಂಡೇಲ ಬಂದು ನನ್ನ ಕಿವಿಯಿಂದ ಹೆಡ್‌ಫೋನು ತೆಗೆದು ತನ್ನ ಒಂದು ಕಿವಿಗೆ ಹಿಡಿದ. ಹತ್ತು ಸೆಕೆಂಡು ಇರಬಹುದು. ಹುಬ್ಬು ಗಂಟಿಕ್ಕಿತು. ನನ್ನ ಮುಖ ನೋಡಿದ. "ತೊಂಬತ್ತೆರಡಾ?" ಎಂದ. ಎರಡು ಸಲ ಎಣಿಸಿದ್ದೇನೆ ಎಂದೆ, ಸ್ವಲ್ಪ ಸಿಟ್ಟಿನಿಂದಲೇ. ಅವನು ಇನ್ನೂ ಏನೋ ಹೇಳುವವನಿದ್ದ. ಕಪ್ತಾನರು ಅವಸರ ಮಾಡಿದರು. ತಾಂಡೇಲ ದಾಖಲೆ ಪುಸ್ತಕದಲ್ಲಿ ತೊಂಬತ್ತೆರಡು ಎಂದು ಬರೆದು, ಪಾಳಿಯ ಮುಖ್ಯಸ್ಥನಾಗಿ ತನ್ನ ಸಹಿ ಹಾಕಿದ. ಹೋಗಲಿ ಬಿಡಿ ಎಂದರು ಕಪ್ತಾನರು. ಬಾಯಿ ತೆರೆದು ನಿಂತಿದ್ದ ಟಾರ್ಪಿಡೋ ಕೊಳವೆಗಳನ್ನು ಮುಚ್ಚಿದರು.

ಕಾಲು ಗಂಟೆಯ ನಂತರ ಮಬ್ಬು ಸ್ವಲ್ಪ ಹರಿಯಿತು. ಪೆರಿಸ್ಕೋಪಿಗೆ ಕಣ್ಣಿಟ್ಟಿದ್ದ ಕಪ್ತಾನರು ತಾಂಡೇಲನನ್ನು ಕರೆದು ನೋಡು ಎಂದರು. ತೋಪುಗಳು, ಎತ್ತರದ ಕಂಬ, ಶತ್ರುವಿನ ಬಾವುಟ, ಎಲ್ಲ ಬೆನ್ನು ತಿರುಗಿಸಿ ದೂರ ಹೋಗುತ್ತಿದ್ದವಂತೆ. ಇನ್ನು ಹೊಡೆದರೂ ತಾಕುವಂತಿರಲಿಲ್ಲ. ಅವರಿಬ್ಬರೂ ಅಲ್ಲಿ ನಿಂತಿದ್ದಾಗ ಇಲ್ಲಿ ನಾನು ಕ್ಷೀಣವಾಗುತ್ತಿದ್ದ ಆ ಸದ್ದನ್ನು ಬೆರಳಿನಿಂದ ಮೇಜು ತಟ್ಟಿ ತಟ್ಟಿ ಎಣಿಸಿದೆ. ನೂರ ಎಂಬತ್ತನಾಲ್ಕು. ತೊಂಬತ್ತೆರಡರ ಸರಿಯಾಗಿ ಎರಡರಷ್ಟು. ಆ ಸಂಖ್ಯೆಯನ್ನು ನಾನು ಬರೆಯಲಿಲ್ಲ, ಬಾಯಿ ಬಿಡಲೂ ಇಲ್ಲ.

ದಡಕ್ಕೆ ಬಂದ ಮೇಲೆ ವಿಚಾರಣೆ ನಡೆಯಿತು. ಮೂವರು ಅಧಿಕಾರಿಗಳು, ಒಂದು ಉದ್ದನೆಯ ಮೇಜು. ನನ್ನನ್ನು ಕೇಳಿದರು. ಯಂತ್ರದಲ್ಲಿ ಗರಗರ ಇತ್ತು, ತಾಂಡೇಲ ಸಾಹೇಬರೂ ಕೇಳಿ ನೋಡಿಯೇ ಸಹಿ ಹಾಕಿದರು ಎಂದೆ. ಒಂದೊಂದು ಮಾತೂ ನಿಜ. ಸೇರಿಸಿದರೆ ಸುಳ್ಳು. ನನಗಾಗ ಇಪ್ಪತ್ತೆರಡು ವರ್ಷ, ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದರು, ಹೆದರಿದ್ದೆ. ಇದನ್ನು ಕಾರಣ ಎಂದು ಹೇಳುತ್ತಿದ್ದೇನೆ, ಕ್ಷಮೆಗಾಗಿ ಅಲ್ಲ. ತಾಂಡೇಲ ಒಳಗೆ ಹೋಗಿ, ಸಹಿ ನನ್ನದು, ಜವಾಬ್ದಾರಿ ನನ್ನದು ಎಂದನಂತೆ. ಅವನ ಕಿವಿಯ ಮೇಲೆ ಇನ್ನು ಭರವಸೆ ಇಡುವಂತಿಲ್ಲ ಎಂದು ತೀರ್ಮಾನವಾಯಿತು. ಸಬ್‌ಮರೀನಿನಿಂದ ಇಳಿಸಿ ದಡದ ಬಟ್ಟೆ ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗೂ ಅವನು ಹೊಸಬರಿಗೆ ಕಾಲುಚೀಲ, ಬೆಲ್ಟು ಅಳೆದು ಕೊಡುತ್ತಿದ್ದ. ಒಮ್ಮೆ ನನಗೂ ಕೊಟ್ಟ. ಸೈಜು ಕೇಳಿದ, ಅಷ್ಟೇ.

ಈ ಕಥೆಯ ಅರ್ಧ ಮಾತ್ರ ಕೇಳಿದ ಕೆಲವರು, ಹೋಗಲಿ ಬಿಡಿ, ಆ ಹಡಗಿನಲ್ಲಿದ್ದ ನೂರಾರು ಜನ ಬದುಕಿಕೊಂಡರಲ್ಲ, ಪುಣ್ಯ ಬಂತು ಎನ್ನುತ್ತಾರೆ. ಇನ್ನು ಕೆಲವರು, ಆ ಹಡಗು ಆಮೇಲೆ ನಮ್ಮವರನ್ನು ಎಷ್ಟು ಕೊಂದಿತೋ ಎನ್ನುತ್ತಾರೆ. ಎರಡೂ ಕೇಳಿ ನನಗೆ ಸಾಕಾಗಿದೆ. ಆ ಹಡಗು ಮುಂದೆ ಏನು ಮಾಡಿತೋ ನನಗೆ ಗೊತ್ತಿಲ್ಲ. ನಾನು ಯಾರನ್ನೂ ಉಳಿಸಲು ಹೋಗಿರಲಿಲ್ಲ, ತಪ್ಪು ಎಣಿಸಿದೆ. ಹಾಳು ಮಾಡಿದ್ದು ಒಬ್ಬ ತಾಂಡೇಲನನ್ನು ಎನ್ನುವುದು ಮಾತ್ರ ಖಚಿತವಾಗಿ ಗೊತ್ತು.

ಮಕ್ತಲ್‌ನಲ್ಲಿ ಭರ್ತಿಯ ತರಗತಿ ನಡೆಸುವ ರವೀಂದ್ರ ಸಾರು ಎಂಬ ಉಪನ್ಯಾಸಕರು ಟಿವಿಯ ಗದ್ದಲದ ನಡುವೆ ನನ್ನನ್ನು ಕರೆದುಕೊಂಡು ಹೋದರು. ಮಕ್ಕಳಿಗೆ ಜೋಶ್ ಬರುವ ಹಾಗೆ ಮಾತಾಡಿ ಎಂದು ದಾರಿಯುದ್ದಕ್ಕೂ ಮೂರು ಸಲ ಹೇಳಿದರು. ನಾನು ಐವತ್ತು ವರ್ಷದಿಂದ ಹೇಳಿಕೊಂಡು ಬಂದದ್ದನ್ನೇ ಹೇಳಿದೆ: ಯಂತ್ರ ಕೆಟ್ಟಿತ್ತು, ನಮ್ಮ ಹಿರಿಯರಿಗೆ ಸರಿಯಾಗಿ ಕೇಳಿಸಲಿಲ್ಲ, ಹಡಗು ತಪ್ಪಿತು. ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಿಂದ ಗದ್ವಾಲದ ನೇಕಾರರ ಮನೆಯ ಹುಡುಗಿಯೊಬ್ಬಳು ಎದ್ದು, "ಆ ದೊಡ್ಡವರ ಕಿವಿ ಸರಿ ಇರ್ಲಿಲ್ಲೇನ್ರಿ?" ಎಂದು ಕೇಳಿದಳು. ಹೂಂ ಎಂದೆ. ರವೀಂದ್ರ ಸಾರು ಅದನ್ನೆಲ್ಲ ವಿಡಿಯೊ ಮಾಡಿ ಫೋನುಗಳಿಗೆ ಹರಿಬಿಟ್ಟರು. ತೆಗೆಸಿ ಎಂದರೆ, ಸಾವಿರಾರು ಜನ ನೋಡಿದ್ದಾರೆ ಸರ್ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಇಂಥವರ ಹತ್ತಿರ ಏನು ಮಾತಾಡುವುದು.

ನೋಡಿದವರಲ್ಲಿ ತಾಂಡೇಲನ ಸೊಸೆಯೂ ಒಬ್ಬಳು. ಹದಿನೈದು ದಿನದ ಹಿಂದೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಅವಳ ಫೋನು ಬಂತು. ಮಾವನವರು ನಿಮ್ಮ ಹತ್ತಿರ ಮಾತಾಡಬೇಕಂತೆ, ಆದರೆ ಅವರಿಗೆ ಕಿವಿ ಕೇಳಿಸುವುದಿಲ್ಲ, ಯಂತ್ರ ಹಾಕಿದ್ದಾರೆ, ಬಹಳ ಜೋರಾಗಿ ಹೇಳಬೇಕು ಎಂದಳು. ನಾನು ಅಂಗಳದಲ್ಲಿ ನಿಂತಿದ್ದೆ. ಓಣಿಯಲ್ಲಿ ಈಗ ಉಳಿದಿರುವ ಐದು ಮಗ್ಗಗಳೂ ನಡೆಯುತ್ತಿದ್ದವು. ಒಳಗೆ ನನ್ನ ಹೆಂಡತಿ ನಾಗಮ್ಮ ಸೊಪ್ಪು ಸೋಸುತ್ತಿದ್ದಳು.

"ಪೇಟ್, ನೀ ಹೇಳಿದ್ದು ನೋಡ್ದೆ" ಎಂದ ತಾಂಡೇಲ. ಮುದಿ ದನಿ, ಆದರೆ ಅದೇ ದನಿ. ಸಿಟ್ಟಿರಲಿಲ್ಲ. ನೀನು ಹೇಳಿದ್ದು ಸರಿಯೇ, ತಪ್ಪು ನನ್ನದೇ, ಅದನ್ನು ಒಪ್ಪಿಕೊಳ್ಳಬೇಕು ಎಂದೇ ಫೋನು ಮಾಡಿಸಿದೆ ಎಂದ.

ನನಗೆ ತಡೆಯಲಾಗಲಿಲ್ಲ. ಅದಲ್ಲ, ತಪ್ಪು ನನ್ನದು ಎಂದೆ. ಅವನಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಏನು ಎಂದ. ಐವತ್ತು ವರ್ಷ ನಾಲಿಗೆಯ ಕೆಳಗೆ ಬಚ್ಚಿಟ್ಟುಕೊಂಡದ್ದನ್ನು ಹೆಂಡತಿಗೂ ಹೇಳದವನು, ಅಂಗಳದ ನಡುವೆ ನಿಂತು ಗಂಟಲು ಹರಿಯುವ ಹಾಗೆ ಕೂಗಬೇಕಾಯಿತು. "ಎಣಿಸಿದ್ದು ತಪ್ಪು ನಂದು ಐತ್ರಿ ದಾದಾ. ಮಗ್ಗದಾಗ ಎಣಿಸಿದಂಗ ಎಣಿಸೀನಿ. ಹೋಗಿ ಬಂದ್ರ ಒಂದು ಅಂತ ಎಣಿಸೀನಿ. ತೊಂಬತ್ತೆರಡಲ್ಲ, ನೂರಾ ಎಂಬತ್ನಾಕು ಇತ್ರಿ. ಅವತ್ತೇ ಗೊತ್ತಾತು ನನಗ. ಹೇಳಲಿಲ್ಲ."

ಒಂದು ಮಗ್ಗ ನಿಂತಿತು. ಇನ್ನೊಂದು ನಿಂತಿತು. ಐದೂ ನಿಂತವು. ನಾಗಮ್ಮ ಬಾಗಿಲಿಗೆ ಬಂದು ನಿಂತಿದ್ದಳು.

"ನೂರ ಎಂಬತ್ನಾಲ್ಕು" ಎಂದ ತಾಂಡೇಲ. "ನನ್ನ ಕಿವಿಗೂ ಅಷ್ಟೇ ಚುರುಕಾಗಿ ಕೇಳಿತ್ತು ಮಾರಾಯಾ. ನೀ ಎರಡು ಸಲ ಎಣಿಸಿದ್ದೇನೆ ಅಂದೆ. ನಾ ಹತ್ತು ಸೆಕೆಂಡು ಕೇಳಿದವ. ನನ್ನ ಕಿವಿಯೇ ಹಾಳಾಯ್ತು ಅಂತ ತಿಳ್ಕೊಂಡೆ."

ಆಮೇಲೆ ಆ ಕಡೆ ತಿರುಗಿ ಸೊಸೆಯನ್ನು ಕೂಗಿದ, ಮಗನನ್ನು ಕೂಗಿದ, ಹೆಂಡತಿಯನ್ನು ಕರೆಸಿದ. ಎಲ್ಲರಿಗೂ ಕೇಳುವ ಹಾಗೆ ಫೋನಿನ ಸದ್ದು ಏರಿಸಲು ಹೇಳಿ, "ಇನ್ನೊಮ್ಮೆ ಹೇಳು" ಎಂದ.

ಹೇಳಿದೆ. ಅವನ ಮನೆಯವರೂ ಕೇಳಿದರು, ನನ್ನ ಓಣಿಯವರೂ ಕೇಳಿದರು. ಅವನು ಮತ್ತೆ ಇನ್ನೊಮ್ಮೆ ಎಂದ. ಮತ್ತೆ ಹೇಳಿದೆ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಕೊನೆಗೆ ಅವನು ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. "ಊರಿಗೆ ಬಂದಮೇಲೆ ತಮ್ಮಂದಿರ ಸಂಗಡ ದೋಣಿಗೆ ಹೋಗ್ತಿದ್ದೆ" ಎಂದ. "ಹುಟ್ಟಿಗೆ ಕಿವಿ ಹಚ್ಚು, ಮೀನು ಎಲ್ಲಿದೆ ಹೇಳು ಅಂತಿದ್ರು. ಒಂದಿನವೂ ಹಚ್ಚಲಿಲ್ಲ ನಾನು. ಹಾಳು ಕಿವಿ ನಂಬಿ ಬಲೆ ಬೀಸೋದು ಬೇಡ ಅಂತ. ಕಿವಿ ಸರಿ ಇತ್ತು. ಈಗ ಹಚ್ಚಿದ್ರೆ ಏನೂ ಕೇಳೋದಿಲ್ಲ."

ಫೋನು ಇಟ್ಟ. ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ.